‘ಆರ್ಟ್ ಆಫ್ ವಾರ್’ ಸಿನಿಮಾದಲ್ಲಿ ಸನ್ ತ್ಸು ಎಲ್ಲಿದ್ದಾನೆ?

ಪ್ರಶ್ನೆ: ವೆಸ್ಲಿ ಸ್ನೈಪ್ಸ್ ನಟಿಸಿದ ‘ದಿ ಆರ್ಟ್ ಆಫ್ ವಾರ್’ ಸಿನಿಮಾ ಪ್ರಾಚೀನ ಚೀನಾದ ಯುದ್ಧತಂತ್ರಜ್ಞ ಸನ್ ತ್ಸುವಿನ ಅದೇ ಹೆಸರಿನ ಪುಸ್ತಕವನ್ನು ಆಧರಿಸಿದ್ದಾ? ಪುಸ್ತಕ ಓದುವ ಬದಲು ಸಿನಿಮಾ ನೋಡಿದರೆ ಸಾಲದೇ?

ಉತ್ತರ: ಆಧರಿಸಿದ್ದಲ್ಲ. ಸಾಲುವುದೂ ಇಲ್ಲ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಕೇಳಿದವರು ಹೊಸಬರು, ಹಾಗಾಗಿ ಇನ್ನೊಮ್ಮೆ.

2000ನೇ ಇಸವಿಯ ಆ ಸಿನಿಮಾದಲ್ಲಿ ಸ್ನೈಪ್ಸ್ ವಿಶ್ವಸಂಸ್ಥೆಯ ಗುಪ್ತ ಏಜೆಂಟ್. ಚೀನಾದ ಜೊತೆ ವ್ಯಾಪಾರ ಒಪ್ಪಂದ ಆಗಬೇಕು, ಅಷ್ಟರಲ್ಲಿ ಚೀನಾದ ರಾಯಭಾರಿಯ ಕೊಲೆ, ಆರೋಪ ಇವನ ತಲೆಗೆ. ಆಮೇಲೆ ಓಟ, ಹೊಡೆದಾಟ, ಗುಂಡಿನ ಸದ್ದು. ಪುಸ್ತಕದಿಂದ ಬಂದದ್ದು ಹೆಸರು, ಜೊತೆಗೆ ಒಂದಿಷ್ಟು ಗೂಢಚಾರಿಕೆಯ ವಾಸನೆ. 13 ಅಧ್ಯಾಯಗಳ ಆ ಪುಟ್ಟ ಪುಸ್ತಕದಲ್ಲಿ ಕಥೆಯೇ ಇಲ್ಲವಲ್ಲ ಸ್ವಾಮಿ! ಎರಡನೇ ಅಧ್ಯಾಯ ಬಹುಪಾಲು ಖರ್ಚಿನ ಲೆಕ್ಕ. ಲಕ್ಷ ಜನರ ಸೇನೆ ಹೊರಟರೆ ದಿನಕ್ಕೆ ಸಾವಿರ ತೂಕ ಚಿನ್ನ ಬೇಕು; ಶತ್ರುವಿನ ನೆಲದಲ್ಲಿ ಸಿಕ್ಕ ಒಂದು ಅಳತೆ ಧಾನ್ಯ ಊರಿಂದ ಹೊತ್ತು ತಂದ ಇಪ್ಪತ್ತು ಅಳತೆಗೆ ಸಮ. ಇದನ್ನು ತೆರೆಗೆ ತಂದರೆ ಇಂಟರ್‌ವಲ್‌ಗೆ ಮುಂಚೆಯೇ ಥಿಯೇಟರ್ ಖಾಲಿ.

ಇಷ್ಟು ಹೇಳಿದ ಕೂಡಲೇ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ: “ಆದರೂ ಸರ್, ‘ಸ್ನೇಹಿತರನ್ನು ಹತ್ತಿರ ಇಟ್ಟುಕೋ, ಶತ್ರುಗಳನ್ನು ಇನ್ನೂ ಹತ್ತಿರ ಇಟ್ಟುಕೋ’ ಅಂತ ಸನ್ ತ್ಸು ಹೇಳಿದ್ದಾನಲ್ಲ?” ಹೇಳಿಲ್ಲ. ಹದಿಮೂರು ಅಧ್ಯಾಯಗಳಲ್ಲಿ ಎಲ್ಲೂ ಇಲ್ಲ. ಅದು 1974ರ ‘ಗಾಡ್‌ಫಾದರ್’ ಎರಡನೇ ಭಾಗದಲ್ಲಿ ಮೈಕೆಲ್ ಕಾರ್ಲಿಯೋನೆ ಆಡುವ ಮಾತು. ಅಪ್ಪ ಕಲಿಸಿದ ಪಾಠ ಎಂದು ಅವನೇ ಹೇಳುತ್ತಾನೆ, ಚೀನಾದ ಹೆಸರೆತ್ತುವುದಿಲ್ಲ. ಮಾಫಿಯಾ ಮನೆಯ ಮಾತಿಗೆ ಎರಡು ಸಾವಿರ ವರ್ಷದ ಗಡ್ಡ ಅಂಟಿಸಿದವರು ನಾವು.

ಗೊಂದಲ ಎಲ್ಲಿಂದ ಬಂತು ಅಂತ ಊಹಿಸಬಹುದು. ಮೂರನೇ ಅಧ್ಯಾಯದ ಕೊನೆಯಲ್ಲಿ, ಶತ್ರುವನ್ನೂ ನಿನ್ನನ್ನೂ ಅರಿತರೆ ನೂರು ಯುದ್ಧದಲ್ಲೂ ಅಪಾಯವಿಲ್ಲ ಎಂಬ ಮಾತಿದೆ. (ಗಮನಿಸಿ: ‘ಅಪಾಯವಿಲ್ಲ’ ಅಂದಿದ್ದಾನೆ, ‘ನೂರೂ ಗೆಲ್ಲುತ್ತೀಯ’ ಅಂದಿಲ್ಲ. ಇದನ್ನೂ ಎಲ್ಲರೂ ತಪ್ಪಾಗಿಯೇ ಹೇಳುತ್ತಾರೆ.) ಅರಿಯುವುದು ಬೇರೆ, ಪಕ್ಕದಲ್ಲಿ ಕೂರಿಸಿಕೊಳ್ಳುವುದು ಬೇರೆ. ಅರಿಯುವ ದಾರಿಗೆ ಸನ್ ತ್ಸು ಕೊನೆಯ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ದೇವರನ್ನು ಕೇಳಿ, ಹಿಂದಿನ ಘಟನೆಗೆ ಹೋಲಿಸಿ, ಲೆಕ್ಕ ಹಾಕಿ ತಿಳಿಯುವಂಥದ್ದಲ್ಲ; ಶತ್ರುವಿನ ಸ್ಥಿತಿ ಬಲ್ಲ ಮನುಷ್ಯರಿಂದಲೇ ತಿಳಿಯಬೇಕು. ಅದಕ್ಕೆ ಐದು ಬಗೆಯ ಗೂಢಚಾರರು: ಅಲ್ಲಿನ ಜನಸಾಮಾನ್ಯ, ಅಲ್ಲಿನ ಅಧಿಕಾರಿ, ನಮ್ಮ ಕಡೆ ತಿರುಗಿಸಿಕೊಂಡ ಅವರದೇ ಬೇಹುಗಾರ, ಸುಳ್ಳು ಸುದ್ದಿ ಹೊತ್ತು ಸಾಯಲೆಂದೇ ಹೋಗುವವನು, ಸುದ್ದಿ ಹೊತ್ತು ಜೀವಂತ ಮರಳುವವನು. ಶತ್ರುವಿನ ಹತ್ತಿರ ಹೋಗುವವರು ಇವರು. ಸೇನಾಪತಿ ತನ್ನ ಜಾಗದಲ್ಲೇ ಇರುತ್ತಾನೆ. ಸಿನಿಮಾಕ್ಕೂ ಪುಸ್ತಕಕ್ಕೂ ನಂಟು ಹುಡುಕಲೇಬೇಕು ಎನ್ನುವವರು ಈ ಅಧ್ಯಾಯ ಹಿಡಿದುಕೊಳ್ಳಲಿ, ನನ್ನ ತಕರಾರಿಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ. ನಮ್ಮ ಕೌಟಿಲ್ಯನಿಗೂ ಇದೇ ಗತಿ. ಬೆಳಗಾದರೆ ವಾಟ್ಸಾಪ್‌ನಲ್ಲಿ ಬರುವ ಚಾಣಕ್ಯನ ಮಾತುಗಳಲ್ಲಿ ಹಲವು ‘ಚಾಣಕ್ಯನೀತಿ’ ಎಂಬ ಬೇರೆಯೇ ಸಂಗ್ರಹದವು, ಕೆಲವು ಅಲ್ಲಿಯವೂ ಅಲ್ಲ. ಅರ್ಥಶಾಸ್ತ್ರದ ಪೂರ್ಣ ಪಠ್ಯ ಜಗತ್ತಿಗೆ ಮತ್ತೆ ಸಿಕ್ಕಿದ್ದು ಮೈಸೂರಿನಲ್ಲಿ. ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದರಲ್ಲಿ ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿ ಶತ್ರುವನ್ನು ಹತ್ತಿರ ಇಟ್ಟುಕೊಳ್ಳುವ ಮಾತೇ ಏಳುವುದಿಲ್ಲ. ಗಡಿಗೆ ಹತ್ತಿಕೊಂಡಿರುವ ರಾಜನೇ ಶತ್ರು, ಅವನ ಆಚೆಯವನು ಮಿತ್ರ. ದಯವಿಟ್ಟು ಇದನ್ನೂ ಒಯ್ದು ಸನ್ ತ್ಸು ಹೆಸರಿಗೆ ಬರೆಯಬೇಡಿ.