ಧರ್ಮಾಸ್ಪತ್ರೆಯ ಕಾಯ್ದೆಯಲ್ಲಿ ಇರಲೇಬೇಕಾದ ಕಲಮು

ದತ್ತಿ ಸಂಸ್ಥೆಗಳಿಗೆ ಬೈಲಾ ಬರೆದುಕೊಡುವುದು ನನ್ನ ವೃತ್ತಿ. ಹಳೆಯ ಟ್ರಸ್ಟ್ ಡೀಡ್ ಕೈಗೆ ಬಂದೊಡನೆ ನಾನು ಮೊದಲು ಹುಡುಕುವುದು, ಆಡಳಿತ ಮಂಡಳಿ ದಾರಿ ತಪ್ಪಿದರೆ ಯಾರು ಏನು ಮಾಡಬಹುದು ಎಂದು ಹೇಳುವ ಕಲಮನ್ನು. ಅದು ಸರಿಯಿಲ್ಲದಿದ್ದರೆ ಆಗುವ ಅನಾಹುತವನ್ನು ನನಗೆ ಕಲಿಸಿದ್ದು ಹಾಂಗ್‌ಕಾಂಗಿನ ತುಂಗ್ ವಾ ಆಸ್ಪತ್ರೆಯ ಇತಿಹಾಸ.

ಊರು ಬಿಟ್ಟು ಬಂದು ಸತ್ತ ಚೀನೀಯರ ಹೆಸರಿನ ಫಲಕಗಳನ್ನಿಡಲು ಅಲ್ಲಿನ ತಾಯ್‌ಪಿಂಗ್‌ಶಾನ್ ಬಡಾವಣೆಯಲ್ಲಿ 1851ರಲ್ಲಿ ಒಂದು ಗುಡಿ ಕಟ್ಟಿದ್ದರು. ಕಾಲಕ್ರಮೇಣ ದಿಕ್ಕಿಲ್ಲದ ರೋಗಿಗಳನ್ನು ಅಲ್ಲಿಗೇ ತಂದು ಬಿಡತೊಡಗಿದರು. 1869ರಲ್ಲಿ ಅಧಿಕಾರಿಗಳು ಒಳಹೊಕ್ಕು ನೋಡಿದಾಗ, ಇನ್ನೂ ಉಸಿರಾಡುತ್ತಿದ್ದವರು ಹೆಣಗಳ ಪಕ್ಕದಲ್ಲೇ ಔಷಧೋಪಚಾರವಿಲ್ಲದೆ ಹೊಲಸಿನಲ್ಲಿ ಮಲಗಿದ್ದರು. ಅದರಿಂದೆದ್ದ ಆಕ್ರೋಶದ ಫಲವೇ ಚೀನೀಯರಿಗಾಗಿ ಆಸ್ಪತ್ರೆ ಸ್ಥಾಪಿಸಲು ಮಾಡಿದ 1870ರ ಕಾಯ್ದೆ ಮತ್ತು 1872ರಲ್ಲಿ ಬಾಗಿಲು ತೆರೆದ ತುಂಗ್ ವಾ. ಆಗ ಹಾಂಗ್‌ಕಾಂಗನ್ನು ಆಳುತ್ತಿದ್ದ ಬ್ರಿಟಿಷ್ ಸರ್ಕಾರ ಜಾಗವನ್ನೂ ಹಣವನ್ನೂ ಕೊಟ್ಟಿತು. ಚೀನೀ ವರ್ತಕರು ವಂತಿಗೆ ಎತ್ತಿದರು, ವ್ಯಾಪಾರಿ ಸಂಘಗಳಿಂದ ವರ್ಷ ವರ್ಷವೂ ಹೊಸ ನಿರ್ದೇಶಕರನ್ನು ಆರಿಸಿದರು, ಚೀನೀ ವೈದ್ಯಪದ್ಧತಿಯಲ್ಲಿ ಬಡವರಿಗೆ ಉಚಿತ ಚಿಕಿತ್ಸೆ ನಡೆಸಿದರು. ವಂತಿಗೆಯ ಲೆಕ್ಕವನ್ನು ಅವರು ಅಚ್ಚು ಹಾಕಿಸಿ ಸಾರ್ವಜನಿಕರ ಮುಂದಿಡುತ್ತಿದ್ದುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಆದರೆ ಕಾಯ್ದೆಯ ಕಟ್ಟಡದಲ್ಲೇ ಒಂದು ಬಿರುಕಿತ್ತು. ಸರ್ಕಾರಿ ಅಧಿಕಾರಿಗಳು ಆಸ್ಪತ್ರೆಯನ್ನು ತಪಾಸಣೆ ಮಾಡಬಹುದಿತ್ತು. ಉದ್ದೇಶ ಸರಿಯಾಗಿ ನೆರವೇರದಿದ್ದರೆ ಶಾಸನಸಭೆಯ ಮೂಲಕ ಕಾಯ್ದೆಯನ್ನೇ ರದ್ದುಪಡಿಸಬಹುದಿತ್ತು. ನೋಡುವುದಕ್ಕೂ ಕೊಲ್ಲುವುದಕ್ಕೂ ನಡುವೆ ತಿದ್ದುವ ಅಧಿಕಾರ ಹೇಳಿಕೊಳ್ಳುವಷ್ಟು ಇರಲಿಲ್ಲ. 1894ರಲ್ಲಿ ಪ್ಲೇಗು ಬಂದು, ಮನೆಮನೆ ಶೋಧವನ್ನೂ ರೋಗಿಗಳನ್ನು ‘ಹೈಜೀಯ’ ಎಂಬ ಹಡಗಿನ ಆಸ್ಪತ್ರೆಗೆ ಸಾಗಿಸುವುದನ್ನೂ ಚೀನೀ ಜನ ಪ್ರತಿಭಟಿಸಿದಾಗ, ಮಂಡಳಿ ಸರ್ಕಾರಕ್ಕೂ ಜನರಿಗೂ ನಡುವೆ ಸಿಕ್ಕಿಬಿದ್ದಿತು. ತುಂಗ್ ವಾವನ್ನು ಮುಚ್ಚಿಬಿಡಿ ಎಂಬ ಕೂಗೂ ಎದ್ದಿತು. ಹಾಗೆ ಮುಚ್ಚಿದ್ದರೆ, ಪಾಶ್ಚಾತ್ಯ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಸಾವಿರಾರು ಬಡವರು ಮತ್ತೆ ಆ ಗುಡಿಯಂಥ ಮೂಲೆಗಳಿಗೇ ಹೋಗುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅದೃಷ್ಟಕ್ಕೆ, 1896ರ ವಿಚಾರಣಾ ಆಯೋಗದ ನಂತರ ಆದದ್ದು ತಿದ್ದುಪಡಿ. ಪಾಶ್ಚಾತ್ಯ ವೈದ್ಯಶಾಸ್ತ್ರ ಓದಿದ ಚೀನೀ ವೈದ್ಯ ಚುಂಗ್ ಕಿಂಗ್-ಯು ಅವರು ಆಸ್ಪತ್ರೆಗೆ ನೇಮಕಗೊಂಡರು. ಯಾವ ಪದ್ಧತಿಯ ಚಿಕಿತ್ಸೆ ಬೇಕೆಂಬ ಆಯ್ಕೆ ರೋಗಿಗೇ ಉಳಿಯಿತು. ಆಸ್ಪತ್ರೆ ಸಮುದಾಯದ್ದಾಗಿಯೇ ಉಳಿದು, ವೈದ್ಯಕೀಯ ಹೊಣೆ ಮಾತ್ರ ಪರಿಣತರ ಕೈಗೆ ಸರಿಯತೊಡಗಿತು. ವರ್ಷಕ್ಕೊಮ್ಮೆ ಬದಲಾಗುವ ಮಂಡಳಿಗೆ ಅನುಭವದ ಆಸರೆಯಾಗಿ 1906ರಲ್ಲಿ ಶಾಶ್ವತ ಸಲಹಾ ಸಮಿತಿ ಬಂದಿತು. 1931ರಲ್ಲಿ ತುಂಗ್ ವಾ ಮತ್ತು ಅದರ ಬಳಗದ ಇನ್ನೆರಡು ಆಸ್ಪತ್ರೆಗಳು ಒಂದೇ ಮಂಡಳಿಯಡಿ ಸೇರಿದವು.

ನಮ್ಮಲ್ಲಿ ಈ ನಡುವಿನ ಮೆಟ್ಟಿಲನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮು ಒದಗಿಸುತ್ತದೆ: ಸಾರ್ವಜನಿಕ ದತ್ತಿಯನ್ನು ಉಳಿಸಿಕೊಂಡೇ ನ್ಯಾಯಾಲಯ ಟ್ರಸ್ಟಿಗಳನ್ನು ಬದಲಿಸಬಹುದು, ಲೆಕ್ಕ ಕೇಳಬಹುದು, ಹೊಸ ಆಡಳಿತ ಯೋಜನೆ ರೂಪಿಸಬಹುದು. ಆದರೂ ನ್ಯಾಯಾಲಯದವರೆಗೆ ಹೋಗುವ ಮುನ್ನವೇ ಹತ್ತಬೇಕಾದ ಮೆಟ್ಟಿಲುಗಳನ್ನು, ಅಂದರೆ ಲಿಖಿತ ಎಚ್ಚರಿಕೆ, ಹೊರಗಿನ ಲೆಕ್ಕಪರಿಶೋಧನೆ, ವೈದ್ಯರ ಸಮಿತಿಯ ವರದಿ, ನಿಗದಿತ ಅವಧಿಗೆ ಆಡಳಿತಾಧಿಕಾರಿಯ ನೇಮಕ, ಇವನ್ನು ನಾನು ಬೈಲಾದಲ್ಲೇ ಬರೆಯುತ್ತೇನೆ. ‘ನಮ್ಮ ಮೇಲೆ ಅಪನಂಬಿಕೆಯೇ?’ ಎಂದು ಸಂಸ್ಥಾಪಕರು ನೊಂದುಕೊಂಡಾಗ ನಾನು ಅವರಿಗೆ ಆ ಗುಡಿಯ ಕಥೆ ಹೇಳುತ್ತೇನೆ.