ಮೂವತ್ತು ದಿನದೊಳಗೆ ನೋಡಬೇಕಾದ ಕಣ್ಣು

ನನ್ನ ತಂಗಿಯ ಮಗು ಮೂವತ್ತೊಂದನೆಯ ವಾರಕ್ಕೇ ಹುಟ್ಟಿತು. ತೂಕ 1,400 ಗ್ರಾಂ. ಮೂರು ವಾರ ಆಸ್ಪತ್ರೆಯ ಬೆಚ್ಚನೆಯ ಪೆಟ್ಟಿಗೆಯಲ್ಲಿದ್ದು, ಹಾಲು ಚೀಪುವುದನ್ನು ಕಲಿತು, ಇನ್ನೇನು ಮನೆಗೆ ಕರೆದೊಯ್ಯಬಹುದು ಎನ್ನುವಷ್ಟರಲ್ಲಿ ನರ್ಸ್ ಬಂದು, "ನಾಳೆ ಮಗುವಿಗೆ ಕಣ್ಣಿನ ಪರೀಕ್ಷೆ ಇದೆ. ಒಂದು ಗಂಟೆ ಮುಂಚಿನಿಂದ ಹಾಲು ಕೊಡಬೇಡಿ" ಎಂದರು. ಅಮ್ಮನಿಗೆ ಅರ್ಥವಾಗಲಿಲ್ಲ. "ಇನ್ನೂ ಸರಿಯಾಗಿ ಕಣ್ಣೇ ಬಿಡದ ಕೂಸಿಗೆ ಎಂಥ ಪರೀಕ್ಷೆ? ಏನನ್ನು ಓದಿಸುತ್ತಾರಂತೆ?" ಎಂದು ಕೇಳಿದಳು. ಅಂದು ನನ್ನ ಬಳಿಯೂ ಉತ್ತರವಿರಲಿಲ್ಲ.

ಮರುದಿನ ಮಗುವಿನ ಕಣ್ಣಿಗೆ ಪಾಪೆ ಅರಳಿಸುವ ಹನಿಯನ್ನು ಮೂರು ಸಲ ಬಿಟ್ಟರು. ಕೈಕಾಲು ಆಡಿಸದಂತೆ ಹತ್ತಿಯ ಬಟ್ಟೆಯಲ್ಲಿ ಸುತ್ತಿದರು, ಮುಖವೊಂದೇ ಹೊರಗೆ. ನಾಲಿಗೆಗೆ ಎರಡು ತೊಟ್ಟು ಸಕ್ಕರೆ ನೀರು. ಸಿಹಿ ನಾಲಿಗೆಗೆ ತಾಗಿದರೆ ಎಳೆಗೂಸಿಗೆ ನೋವು ಕಡಿಮೆ ಅನ್ನಿಸುತ್ತದೆಯಂತೆ. ಕಣ್ಣು ಮರಗಟ್ಟುವ ಹನಿ ಹಾಕಿ, ರೆಪ್ಪೆ ಮುಚ್ಚದಂತೆ ತೆಳುವಾದ ತಂತಿಯ ಹಿಡಿಕೆಯೊಂದನ್ನು ಸಿಕ್ಕಿಸಿ, ಕಣ್ಣಿನ ಮೇಲೆ ಜೆಲ್ ಹಚ್ಚಿ, ಅದರ ಮೇಲೆ ಕ್ಯಾಮೆರಾದ ತುದಿಯನ್ನು ಮೆಲ್ಲಗೆ ಇರಿಸಿದರು. ಮಗು ಅತ್ತಿತು, ನಮ್ಮ ಕರುಳೂ ಕಿತ್ತು ಬಂತು. ಆದರೆ ಪರದೆಯ ಮೇಲೆ ಮೂಡಿದ್ದನ್ನು ನಾನು ಈಗಲೂ ಮರೆತಿಲ್ಲ: ಕಿತ್ತಳೆ ಬಣ್ಣದ ಬಯಲು, ನಡುವೆ ಹಳದಿ ಚಂದ್ರನಂಥ ಒಂದು ಬಿಲ್ಲೆ, ಅದರಿಂದ ಬೇರಿನ ಹಾಗೆ ಕವಲೊಡೆದು ಹರಡಿದ ರಕ್ತನಾಳಗಳು. ಆ ಬೇರುಗಳು ಅರ್ಧ ದಾರಿಯಲ್ಲೇ ನಿಂತುಬಿಟ್ಟಿದ್ದವು. ಅಲ್ಲಿಂದಾಚೆಗೆ ಬರೀ ಬೂದು. "ಇಲ್ಲಿಗೆ ಇನ್ನೂ ರಕ್ತನಾಳ ತಲುಪಿಲ್ಲ. ಎರಡು ವಾರ ಬಿಟ್ಟು ಮತ್ತೆ ನೋಡೋಣ" ಎಂದರು ವೈದ್ಯರು.

ಗರ್ಭದಲ್ಲಿ ಹದಿನಾರನೆಯ ವಾರದ ಸುಮಾರಿಗೆ ಕಣ್ಣಿನ ಹಿಂಭಾಗದ ಅಕ್ಷಿಪಟದಲ್ಲಿ ರಕ್ತನಾಳಗಳು ಹೊರಡುತ್ತವೆ. ಅವು ಮೂಗಿನ ಕಡೆಯ ಅಂಚನ್ನು ಮುಟ್ಟುವುದು ಮೂವತ್ತಾರನೆಯ ವಾರದ ಹೊತ್ತಿಗೆ. ಕಿವಿಯ ಕಡೆಯ ಅಂಚನ್ನು ಮುಟ್ಟಲು ನಲವತ್ತು ವಾರವಾದರೂ ಬೇಕು. ಅಂದರೆ ದಿನ ತುಂಬಿ ಹುಟ್ಟುವ ಮಗುವಿನ ಅಕ್ಷಿಪಟ ಹೆರಿಗೆಯ ಹೊತ್ತಿಗಷ್ಟೇ ಸಿದ್ಧವಾಗಿರುತ್ತದೆ. ಗರ್ಭದೊಳಗೆ ಆಮ್ಲಜನಕ ಕಡಿಮೆ. ಆ ಕೊರತೆಯೇ ನಾಳಗಳನ್ನು ಮುಂದೆ ಮುಂದೆ ಎಳೆಯುವ ಶಕ್ತಿ. ಮಗು ಬೇಗ ಹೊರಬಂದಾಗ ಒಮ್ಮೆಗೇ ಆಮ್ಲಜನಕ ಹೆಚ್ಚುತ್ತದೆ, ನಾಳಗಳ ಬೆಳವಣಿಗೆ ನಿಲ್ಲುತ್ತದೆ. ಕೆಲವು ವಾರ ಕಳೆದ ಮೇಲೆ, ನಾಳ ತಲುಪದ ಆ ಬೂದು ಭಾಗ ಆಮ್ಲಜನಕಕ್ಕಾಗಿ ಹಾತೊರೆಯುತ್ತದೆ. ಆಗ ಹುಟ್ಟುವ ನಾಳಗಳು ದಿಕ್ಕೆಟ್ಟವು, ದುರ್ಬಲವಾದವು. ಅವು ರಕ್ತ ಸೋರಿಸುತ್ತವೆ, ಕಲೆಗಟ್ಟುತ್ತವೆ, ಕೊನೆಗೆ ಅಕ್ಷಿಪಟವನ್ನೇ ಎಳೆದು ಕೀಳುತ್ತವೆ. ಇದಕ್ಕೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ ಎಂದು ಹೆಸರು. ವೈದ್ಯರು 'ಆರ್‌ಒಪಿ' ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ಕಪ್ಪಗೆ, ಹೊಳೆಯುತ್ತ, ಚೆಂದವಾಗಿಯೇ ಇರುತ್ತದೆ. ಈ ರೋಗದ ಬಗ್ಗೆ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಸಂಗತಿ ಇದೇ.

ಇದರ ಚರಿತ್ರೆ ನೋವಿನದು. 1942ರಲ್ಲಿ ಬಾಸ್ಟನ್ನಿನ ಥಿಯೋಡೋರ್ ಟೆರ್ರಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಕಣ್ಣಿನಲ್ಲಿ ಈ ತೊಂದರೆಯನ್ನು ಗುರುತಿಸಿ ಬರೆದರು. ಆ ದಶಕದಲ್ಲಿ ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಪುಟ್ಟ ಮಕ್ಕಳನ್ನು ಉಳಿಸಲು ಪೆಟ್ಟಿಗೆಯೊಳಗೆ ಧಾರಾಳವಾಗಿ ಆಮ್ಲಜನಕ ಬಿಡುತ್ತಿದ್ದರು. ಒಳ್ಳೆಯದಕ್ಕೆಂದೇ ಮಾಡಿದ್ದು. ಸುಮಾರು ಹತ್ತು ಸಾವಿರ ಮಕ್ಕಳು ಕುರುಡಾದರು. 1950ರಲ್ಲಿ ಹುಟ್ಟಿದ ಸಂಗೀತಗಾರ ಸ್ಟೀವಿ ವಂಡರ್ ಅವರಲ್ಲೊಬ್ಬರು. 1951ರಲ್ಲಿ ಮೆಲ್ಬರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಆಮ್ಲಜನಕದ ಮೇಲೆ ಸಂಶಯ ವ್ಯಕ್ತಪಡಿಸಿದರು, ಮುಂದೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗ ಅದನ್ನು ಖಚಿತಪಡಿಸಿತು. ಕೂಡಲೇ ಎಲ್ಲೆಡೆ ಆಮ್ಲಜನಕವನ್ನು ಬಿಗಿಯಾಗಿ ಕಡಿತಗೊಳಿಸಿದರು. ಈ ಬಾರಿ ಮಕ್ಕಳ ಕಣ್ಣು ಉಳಿಯಿತು, ಉಸಿರು ಸಾಲದೆ ಪ್ರಾಣ ಹೋಯಿತು. ಇವೆರಡರ ನಡುವಿನ ಹದವನ್ನು ಇಂದಿನ ಘಟಕಗಳು ಪ್ರತಿ ಮಗುವಿನ ರಕ್ತದ ಆಮ್ಲಜನಕವನ್ನು ಎಡೆಬಿಡದೆ ಅಳೆಯುತ್ತ ಕಾಯ್ದುಕೊಳ್ಳುತ್ತವೆ.

ನಮ್ಮಲ್ಲಿ ಜಿಲ್ಲಾ ಆಸ್ಪತ್ರೆಗಳಿಗೂ ನವಜಾತ ಶಿಶು ಘಟಕಗಳು ಬಂದವು. ಮೊದಲಾದರೆ ಬದುಕುತ್ತಿರದಿದ್ದ ಮಕ್ಕಳು ಬದುಕತೊಡಗಿದರು, ಅವರ ಜೊತೆಗೇ ಈ ಕಣ್ಣಿನ ರೋಗವೂ ಬಂತು. ಶ್ರೀಮಂತ ದೇಶಗಳಲ್ಲಿ ತೀರಾ ಸಣ್ಣ ಮಕ್ಕಳಲ್ಲಷ್ಟೇ ಕಾಣುವ ಇದು ಭಾರತದಲ್ಲಿ ತುಸು ದೊಡ್ಡ ಮಕ್ಕಳಲ್ಲೂ ಕಾಣುತ್ತದೆ. ಹಾಗಾಗಿ ಇಲ್ಲಿನ ನಿಯಮದ ಪ್ರಕಾರ 34 ವಾರಕ್ಕೆ ಮುನ್ನ ಹುಟ್ಟಿದ ಅಥವಾ 2,000 ಗ್ರಾಂ ಮೀರದ ಪ್ರತಿ ಮಗುವಿನ ಕಣ್ಣನ್ನೂ ಹುಟ್ಟಿದ 30 ದಿನದೊಳಗೆ ನೋಡಬೇಕು. 28 ವಾರವೂ ತುಂಬದ, ಅಥವಾ 1,200 ಗ್ರಾಂಗಿಂತ ಕಡಿಮೆ ತೂಕದ ಕೂಸನ್ನು ಇನ್ನೂ ಬೇಗ, ಎರಡು ಮೂರು ವಾರದಲ್ಲೇ. ರೋಗ ಜೋರಾಗಿದ್ದರೆ ಎರಡು ಮೂರು ದಿನದೊಳಗೆ ಲೇಸರ್ ಆಗಬೇಕು. ನಾಳವಿಲ್ಲದ ಆ ಬೂದು ಭಾಗವನ್ನು ಲೇಸರಿನಿಂದ ಸುಟ್ಟು ಅದರ ಹಾತೊರೆತವನ್ನು ನಿಲ್ಲಿಸುತ್ತಾರೆ. ಬದಿಯ ನೋಟ ಸ್ವಲ್ಪ ಹೋದರೂ ನಡುವಿನ ನೋಟ ಉಳಿಯುತ್ತದೆ. ಕೆಲವು ಕಣ್ಣುಗಳಿಗೆ ಚುಚ್ಚುಮದ್ದೂ ಇದೆ.

ಆದರೆ ಹಳ್ಳಿಯ ತಾಲ್ಲೂಕಿಗೆ ಇಂಥ ತಜ್ಞರನ್ನು ಎಲ್ಲಿಂದ ತರುವುದು? ಈ ಪ್ರಶ್ನೆಗೆ ಕರ್ನಾಟಕವೇ ಕೊಟ್ಟ ಉತ್ತರವೊಂದಿದೆ, ಅದರ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಮತ್ತು ಸಂಗಡಿಗರು ಕಿಡ್ರಾಪ್ ಎಂಬ ಯೋಜನೆ ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು ಜಿಲ್ಲೆಯಿಂದ ಜಿಲ್ಲೆಗೆ ಹೋಗಿ ಶಿಶು ಘಟಕಗಳಲ್ಲಿ ಕಣ್ಣಿನ ಚಿತ್ರ ತೆಗೆಯುತ್ತಾರೆ. ಚಿತ್ರಗಳು ಇಂಟರ್ನೆಟ್ ಮೂಲಕ ಬೆಂಗಳೂರಿಗೆ ಬರುತ್ತವೆ. ಪ್ರತಿ ಮಗುವಿನ ಚಿತ್ರಕ್ಕೂ ಒಂದು ಬಣ್ಣದ ಗುರುತು: ಕೆಂಪು ಎಂದರೆ ತಕ್ಷಣ ಚಿಕಿತ್ಸೆ, ಕಿತ್ತಳೆ ಎಂದರೆ ಮತ್ತೆ ನೋಡಬೇಕು, ಹಸಿರು ಎಂದರೆ ಮನೆಗೆ ಹೋಗಬಹುದು. ವೈದ್ಯರಲ್ಲದ ತಂತ್ರಜ್ಞರೇ ಚಿತ್ರವನ್ನು ಓದಿ ಈ ಬಣ್ಣ ಹೇಳುವಷ್ಟು ಪಳಗಿದ್ದಾರೆ ಎಂಬುದು ಈ ಯೋಜನೆಯ ಜೀವಾಳ.

ದಿನ ತುಂಬಿ ಹುಟ್ಟಿದ ಮಕ್ಕಳ ವಿಷಯವೇನು? ಅವರ ಕಣ್ಣು ಸಿದ್ಧವಾಗಿದ್ದರೂ ನೋಟ ಸಿದ್ಧವಾಗಿರುವುದಿಲ್ಲ. ಹುಟ್ಟಿದ ಕೂಸಿನ ದೃಷ್ಟಿ ಹೆಚ್ಚುಕಡಿಮೆ 6/120. ಆರೋಗ್ಯವಂತ ಕಣ್ಣು 120 ಮೀಟರ್ ದೂರದಿಂದ ಗುರುತಿಸುವುದನ್ನು ಅದು ಆರು ಮೀಟರಿಗೆ ಬಂದರಷ್ಟೇ ಗುರುತಿಸೀತು. ಮೊಲೆಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟು ದೂರ, ಒಂದು ಗೇಣಿನ ಆಸುಪಾಸು, ಅದಕ್ಕೆ ಹಿತ. ಹಣೆಯ ಬಿಳುಪು ಮುಗಿದು ಕಪ್ಪು ಕೂದಲು ಶುರುವಾಗುವ ಗೆರೆಯನ್ನು ಅದು ದಿಟ್ಟಿಸುತ್ತದೆ. ಆರೇಳು ವಾರಕ್ಕೆ ಕಣ್ಣಿಗೆ ಕಣ್ಣಿಟ್ಟು ನಗುತ್ತದೆ, ನಾಲ್ಕು ತಿಂಗಳ ಸುಮಾರಿಗೆ ಎರಡು ಕಣ್ಣಿನ ಚಿತ್ರಗಳನ್ನು ಕೂಡಿಸಿ ಆಳ ಅರಿಯುತ್ತದೆ, ಒಂಬತ್ತು ಹತ್ತು ತಿಂಗಳಲ್ಲಿ ಚಾಪೆಯ ಮೇಲಿನ ಕೂದಲೆಳೆಯನ್ನೂ ಇರುವೆಯನ್ನೂ ಎರಡೇ ಬೆರಳಲ್ಲಿ ಹೆಕ್ಕಿ ಬಾಯಿಗಿಡುತ್ತದೆ. ಇದೆಲ್ಲ ಮಿದುಳಿನ ಕಲಿಕೆ.

ಈ ಕಲಿಕೆಗೆ ಗಡುವಿದೆ ಎಂದು ತೋರಿಸಿದವರು ಹಾರ್ವರ್ಡಿನ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್. 1960ರ ದಶಕದಲ್ಲಿ ಅವರು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಕೆಲವು ವಾರಗಳ ನಂತರ ಬಿಚ್ಚಿದರು. ಕಣ್ಣಿಗೆ ಏನೂ ಆಗಿರಲಿಲ್ಲ, ಆದರೆ ಮಿದುಳು ಆ ಕಣ್ಣಿನ ಮಾತನ್ನು ಕೇಳುವುದನ್ನೇ ಬಿಟ್ಟಿತ್ತು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೂ ಹೀಗಾಗಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಹುಟ್ಟಿನಿಂದ ದಟ್ಟ ಪೊರೆ ಇರುವ ಮಗುವಿಗೆ ಆರೆಂಟು ವಾರದೊಳಗೆ ಶಸ್ತ್ರಚಿಕಿತ್ಸೆಯಾಗಬೇಕು ಎಂಬ ಇಂದಿನ ಅವಸರದ ಹಿಂದೆ ಈ ತಿಳಿವಳಿಕೆಯಿದೆ. ಹಾಗೆಂದು ತಡವಾದವರನ್ನು ಕೈಬಿಡಬೇಕಿಲ್ಲ. ದೆಹಲಿಯಲ್ಲಿ ಪವನ್ ಸಿನ್ಹಾ ನಡೆಸುವ 'ಪ್ರಕಾಶ್' ಯೋಜನೆಯಲ್ಲಿ ಎಂಟು ವರ್ಷ ದಾಟಿದ ಮೇಲೆ ಪೊರೆ ತೆಗೆಸಿಕೊಂಡ ಮಕ್ಕಳೂ, ಪೂರ್ತಿ ಅಲ್ಲದಿದ್ದರೂ, ಬದುಕಿಗೆ ಬೇಕಾದಷ್ಟು ನೋಡಲು ಕಲಿತಿದ್ದಾರೆ.

ಪೊರೆಗೆ ಒಂದು ಕಾರಣ ಗರ್ಭಿಣಿಗೆ ತಗಲುವ ರುಬೆಲ್ಲಾ. 1941ರಲ್ಲಿ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್ ಪೊರೆಯೊಂದಿಗೆ ಹುಟ್ಟಿದ ಕೂಸುಗಳ ತಾಯಂದಿರನ್ನು ವಿಚಾರಿಸಿದಾಗ, ಬಸಿರಿನ ಮೊದಲ ತಿಂಗಳುಗಳಲ್ಲಿ ಮೈಮೇಲೆ ಗುಳ್ಳೆ ಎದ್ದ ಜ್ವರ ಬಂದಿತ್ತೆಂದು ಒಬ್ಬರಾದ ಮೇಲೊಬ್ಬರು ಹೇಳಿದರು. ತಾಯಂದಿರ ಮಾತಿಗೆ ಅವರು ಕಿವಿಗೊಟ್ಟಿದ್ದರಿಂದ ಒಂದು ದೊಡ್ಡ ಸತ್ಯ ಹೊರಬಿತ್ತು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಅಮ್ಮನ ಪ್ರಶ್ನೆಗೆ ಬರುತ್ತೇನೆ. ಏನನ್ನು ಓದಿಸುತ್ತಾರೆ? ಬೂದು ಬಣ್ಣದ ಒಂದು ರಟ್ಟು. ಅದರ ಒಂದು ಬದಿಯಲ್ಲಿ ಕಪ್ಪು ಬಿಳಿ ಪಟ್ಟಿ, ಇನ್ನೊಂದು ಬದಿ ಖಾಲಿ. ಏನಾದರೂ ಕಾಣುವ ಕಡೆಗೇ ಕೂಸಿನ ನೋಟ ಹೊರಳುತ್ತದೆ. ರಟ್ಟಿನ ನಡುವಿನ ತೂತಿನಿಂದ ಪರೀಕ್ಷಕರು ಅದರ ಕಣ್ಣನ್ನು ಗಮನಿಸುತ್ತಾರೆ. ಒಂದೊಂದೇ ರಟ್ಟಿಗೆ ಪಟ್ಟಿಗಳು ತೆಳುವಾಗುತ್ತ ಹೋಗುತ್ತವೆ. ನೋಟ ಹೊರಳುವುದು ಎಲ್ಲಿ ನಿಂತಿತೋ ಅದೇ ಅಳತೆ. ಕನ್ನಡಕದ ನಂಬರಿಗೂ ಮಗು ಬಾಯಿ ಬಿಡಬೇಕಿಲ್ಲ. ಪಾಪೆಯೊಳಗೆ ಬೆಳಕಿನ ಗೆರೆಯೊಂದನ್ನು ಆಡಿಸಿ, ಅದು ಹಿಂದಿರುಗುವ ಬಗೆಯನ್ನು ನೋಡಿ ಮಸೂರಗಳನ್ನು ಹಿಡಿಯುತ್ತ ಲೆಕ್ಕ ಹಾಕುತ್ತಾರೆ. ಎಲ್ಲಕ್ಕಿಂತ ಸರಳವಾದದ್ದು ಮಂದ ಬೆಳಕಿನ ಕೋಣೆಯಲ್ಲಿ ಒಂದು ತೋಳಿನ ದೂರದಿಂದ ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡುವುದು. ಎರಡೂ ಪಾಪೆ ಒಂದೇ ತೆರನಾಗಿ ಕೆಂಡದ ಬಣ್ಣಕ್ಕೆ ಹೊಳೆಯಬೇಕು. ಅರ್ಧ ನಿಮಿಷದ ಕೆಲಸ, ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ಮನೆಗೆ ಕಳಿಸುವ ಮುನ್ನ ಇದು ಆಗಲೇಬೇಕು. ಆಗಿರದಿದ್ದರೆ ಮಕ್ಕಳ ವೈದ್ಯರನ್ನು ಕೇಳಿ ಮಾಡಿಸಿಕೊಳ್ಳಿ.

ಆ ಹೊಳಪು ಒಂದು ಕಣ್ಣಿನಲ್ಲಿ ಬೆಳ್ಳಗೆ ಕಂಡರೆ, ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಂಡರೂ ಸರಿ, ಅದೇ ವಾರ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಪೊರೆ ಇರಬಹುದು. ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಕೂಡ ಇರಬಹುದು. ಅಪರೂಪ, ಹದಿನೈದಿಪ್ಪತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ, ಬೇಗ ಸಿಕ್ಕರೆ ಗುಣವಾಗುವಂಥದ್ದು. "ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತಿತ್ತು, ಚೆಂದ ಅಂದುಕೊಂಡೆವು" ಎಂದು ಹೇಳುವ ತಂದೆತಾಯಿ ಇದ್ದಾರೆ. ಹಾಗೆಯೇ 'ಎಷ್ಟು ದೊಡ್ಡ ಕಣ್ಣು' ಎಂದು ನೆಂಟರು ಹೊಗಳುವ ಮಗು ಬೆಳಕಿಗೆ ಮುಖ ತಿರುಗಿಸುತ್ತ ಸದಾ ನೀರು ಸುರಿಸುತ್ತಿದ್ದರೆ ಅದು ಕಣ್ಣಿನೊಳಗಿನ ಒತ್ತಡ ಹೆಚ್ಚಿದ ಗುರುತಾಗಿರಬಹುದು. ಬರೀ ನೀರು, ಗೀಜು ಮಾತ್ರ ಇದ್ದರೆ ಸಾಮಾನ್ಯವಾಗಿ ಕಣ್ಣೀರಿನ ಕೊಳವೆ ತೆರೆದಿಲ್ಲವೆಂದು ಅರ್ಥ. ವೈದ್ಯರು ತೋರಿಸಿದಂತೆ ಮೂಗಿನ ಬುಡ ನೀವಿದರೆ ವರ್ಷ ತುಂಬುವುದರೊಳಗೆ ಬಹುಪಾಲು ಸರಿಹೋಗುತ್ತದೆ. ಮೆಳ್ಳೆಗಣ್ಣು ಅದೃಷ್ಟ ಎನ್ನುತ್ತಾರೆ. ಮೊದಲ ಮೂರು ನಾಲ್ಕು ತಿಂಗಳು ಕಣ್ಣು ಆಗಾಗ ಓರೆಯಾಗುವುದು ಸಹಜ, ಆಮೇಲೂ ಉಳಿದರೆ ಅದು ಅದೃಷ್ಟವಲ್ಲ: ಮಿದುಳು ಆ ಕಣ್ಣನ್ನು ಕಡೆಗಣಿಸತೊಡಗುತ್ತದೆ, ಕಣ್ಣು ಸೋಮಾರಿಯಾಗುತ್ತದೆ. ಕಾಡಿಗೆಯನ್ನಂತೂ ಕಣ್ಣೊಳಗೆ ಹಚ್ಚಲೇಬೇಡಿ. ಬೆರಳಿನ ಕೊಳೆ ಒಂದು ಕಡೆ, ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸವೂ ಪತ್ತೆಯಾಗಿದೆ. ದೃಷ್ಟಿ ಬೊಟ್ಟು ಅಂಗಾಲಿಗೆ ಇಟ್ಟರೂ ನಡೆಯುತ್ತದೆ.

ಆರ್‌ಒಪಿ ಪರೀಕ್ಷೆ ತಪ್ಪುವುದಕ್ಕೆ ನಮ್ಮಲ್ಲಿ ದೊಡ್ಡ ಅಡ್ಡಿ ದುಡ್ಡಲ್ಲ, ಬಾಣಂತನ. ಸರಿಯಾಗಿ ಆ ಮೂವತ್ತು ದಿನವೇ ತಾಯಿ ಮಗು ಹೊಸಿಲು ದಾಟಬಾರದ ದಿನಗಳು. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದು, ಕೂಸಿಗೆ ಶೀತ ತಗಲಬಾರದು. ಈ ಕಾಳಜಿಯಲ್ಲಿ ತಪ್ಪಿಲ್ಲ, ಆದರೆ ರಕ್ತನಾಳಗಳು ಅದಕ್ಕಾಗಿ ಕಾಯುವುದಿಲ್ಲ. ನಮ್ಮ ಮನೆಯಲ್ಲೂ ಎರಡನೆಯ ಪರೀಕ್ಷೆಯ ಹಿಂದಿನ ರಾತ್ರಿ ಇದೇ ಮಾತು ಬಂತು. ಕೊನೆಗೆ ತಂಗಿ ಮನೆಯಲ್ಲಿ ಉಳಿದಳು. ಮಗುವಿಗೆ ಕುಲಾವಿ ಕಟ್ಟಿ, ಎರಡು ಶಾಲು ಸುತ್ತಿ, ಹಿಂಡಿದ ಹಾಲನ್ನು ಬಟ್ಟಲಿಗೆ ಹಾಕಿಕೊಂಡು ಅಮ್ಮನೇ ಹೊರಟಳು. ಎರಡು ವಾರಕ್ಕೊಮ್ಮೆ ಹೀಗೆ ಮೂರು ಸಲ. ಮೂರನೆಯ ಸಲ ಪರದೆಯ ಮೇಲಿನ ಬೇರುಗಳು ಬೂದು ಬಯಲನ್ನು ದಾಟಿ ಅಂಚು ಮುಟ್ಟಿದ್ದವು. ಅದನ್ನು ನನಗೆ ಬೆರಳಿಟ್ಟು ತೋರಿಸಿದವಳು ಅಮ್ಮ. ವೈದ್ಯರು ಚೀಟಿಯ ಮೇಲೆ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಕನ್ನಡಕ ಬೇಕಾಗುವುದು, ಕಣ್ಣು ಓರೆಯಾಗುವುದು ಹೆಚ್ಚು ಎಂದು ಹೇಳುತ್ತ, ಮುಂದಿನ ದಿನಾಂಕ ಬರೆದುಕೊಟ್ಟರು: ವರ್ಷ ತುಂಬುವಾಗ. ಅಮ್ಮ ಆ ಚೀಟಿಯನ್ನು ಅಡುಗೆಮನೆಯ ಕ್ಯಾಲೆಂಡರಿಗೆ ಪಿನ್ನು ಹಾಕಿ ಸಿಕ್ಕಿಸಿದ್ದಾಳೆ.