ಮಳೆ ಬಿದ್ದ ದಿನ ಅಂಗಡಿಯಲ್ಲಿ ಬೀಜ ಇರಬೇಕಲ್ವಾ?

ಬೀಜ ಪರೀಕ್ಷೆಯ ಕೆಲಸ ಮಾಡುವವರಿಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: ಆಫ್ರಿಕಾದಲ್ಲಿ ಅಷ್ಟೊಂದು ಭೂಮಿ ಇದೆ, ಎಷ್ಟೋ ಕಡೆ ಮಳೆಯೂ ಚೆನ್ನಾಗಿದೆ, ಆದರೂ ಇಳುವರಿ ಯಾಕೆ ಇಷ್ಟು ಕಡಿಮೆ? ಮೆಕ್ಕೆಜೋಳವನ್ನೇ ತೆಗೆದುಕೊಳ್ಳಿ. ಸಹರಾದ ದಕ್ಷಿಣಕ್ಕಿರುವ ದೇಶಗಳ ಸರಾಸರಿ ಹೆಕ್ಟೇರಿಗೆ ಸುಮಾರು 2 ಟನ್. ಜಗತ್ತಿನ ಸರಾಸರಿ ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ಗೊಬ್ಬರ, ಮಣ್ಣು, ಸಾಲ, ರಸ್ತೆ ಎಲ್ಲಕ್ಕೂ ಇದರಲ್ಲಿ ಪಾಲಿದೆ. ಬೀಜದ ಮಾತು ಬಂದರೆ ಮಾತ್ರ ಎಲ್ಲರೂ ರೈತನ ಕಡೆಗೇ ಬೆರಳು ತೋರಿಸುತ್ತಾರೆ: "ಅವರು ಹಳೆ ಬೀಜ ಬಿಡಲ್ಲ, ಹೊಸದನ್ನು ನಂಬಲ್ಲ."

ಇದು ನಿಜ ಆಗಿದ್ದರೆ ಕೀನ್ಯಾದಲ್ಲಿ 1964ರ ನಂತರ ನಡೆದದ್ದು ನಡೆಯುತ್ತಲೇ ಇರಲಿಲ್ಲ. ಆ ವರ್ಷ ಅಲ್ಲಿನ ಕಿಟಾಲೆ ಊರಿನ ಸಂಶೋಧನಾ ಕೇಂದ್ರದಿಂದ ಎಚ್-611 ಎಂಬ ಹೈಬ್ರಿಡ್ ಹೊರಬಂತು. ಸ್ಥಳೀಯ ಕಿಟಾಲೆ ಸಿಂಥೆಟಿಕ್ ತಳಿಗೆ ಈಕ್ವೆಡಾರ್‌ನಿಂದ ತಂದ ತಳಿಯನ್ನು ಸೇರಿಸಿ ಮಾಡಿದ್ದು. ಬೀಜ ಮಾರಲು ದೊಡ್ಡ ಡಿಪೋಗಳನ್ನಷ್ಟೇ ನಂಬಿ ಕೂರಲಿಲ್ಲ. ಹಳ್ಳಿಯ ಸಣ್ಣ ಸಣ್ಣ ಅಂಗಡಿಗಳವರೂ ಮಾರತೊಡಗಿದರು. ಉಪ್ಪು, ಸಕ್ಕರೆ ಸಿಗುವ ಕಡೆಯೇ ಬೀಜವೂ ಸಿಗುವಂತಾಯಿತು. ಸಣ್ಣ ರೈತರು ಬೇಗ ಬೇಗ ಅದಕ್ಕೆ ಬದಲಾದರು. ಜಿಂಬಾಬ್ವೆ, ಜಾಂಬಿಯಾಗಳಲ್ಲೂ ಹೈಬ್ರಿಡ್ ಕೊಳ್ಳುವುದು ಇವತ್ತು ಮಾಮೂಲಿ. ನಮ್ಮ ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ರೈತರು ಪ್ರತಿ ವರ್ಷ ಹೊಸ ಪ್ಯಾಕೆಟ್ ಕೊಳ್ಳುತ್ತಾರಲ್ಲ, ಹಾಗೆ.

ಹಾಗಾದರೆ ಬೇರೆ ಕಡೆ ಎಲ್ಲಿ ತಪ್ಪುತ್ತದೆ? ಮೊದಲು ಕ್ಯಾಲೆಂಡರ್ ನೋಡಬೇಕು.

ಉಗಾಂಡದ ಬಹುಭಾಗದಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಮೊದಲ ಬೆಳೆ ಜುಲೈ–ಆಗಸ್ಟ್ ಹೊತ್ತಿಗೆ ಕಟಾವಿಗೆ ಬರುತ್ತದೆ. ಎರಡನೇ ಬಿತ್ತನೆ ಆಗಸ್ಟ್ ಕೊನೆಗೆ ಶುರು. ಮೊದಲ ಮಳೆಯಲ್ಲಿ ಬೆಳೆದ ಬೀಜವನ್ನು ಎರಡನೆಯದಕ್ಕೆ ಕೊಡಬೇಕೆಂದರೆ ಬೀಜ ಕಂಪನಿಗೆ ಸಿಗುವುದು ನಡುವಿನ ಕೆಲವೇ ವಾರ. ಅಷ್ಟರಲ್ಲಿ ತೆನೆ ಒಣಗಿಸಿ, ತೇವಾಂಶವನ್ನು ಶೇ. 12–13ಕ್ಕೆ ಇಳಿಸಿ, ಕಾಳು ಬಿಡಿಸಿ, ಗ್ರೇಡ್ ಮಾಡಿ, ಔಷಧಿ ಲೇಪಿಸಿ, ಲ್ಯಾಬಿಗೆ ಮಾದರಿ ಕಳಿಸಿ, ರಿಪೋರ್ಟ್ ಬಂದ ಮೇಲೆ ಪ್ಯಾಕ್ ಮಾಡಿ ಲಾರಿಗೆ ಏರಿಸಬೇಕು.

ಲ್ಯಾಬಿನಲ್ಲಿ ಅವಸರ ನಡೆಯುವುದಿಲ್ಲ. ಮೊಳಕೆ ಪರೀಕ್ಷೆಗೆ ಒಂದು ಲಾಟ್‌ನಿಂದ, ಅಂದರೆ ಒಂದೇ ನಂಬರಿನ ಬೀಜದ ರಾಶಿಯಿಂದ, 400 ಕಾಳು ಎಣಿಸುತ್ತೇವೆ. ನೂರು ನೂರರಂತೆ ಒದ್ದೆ ಕಾಗದದಲ್ಲಿ ಸುತ್ತಿ ಅಥವಾ ಮರಳಿನಲ್ಲಿ ಊರಿ 25 ಡಿಗ್ರಿಯಲ್ಲಿ ಇಡುತ್ತೇವೆ. 4ನೇ ದಿನ ಒಮ್ಮೆ ಎಣಿಕೆ, 7ನೇ ದಿನ ಕೊನೆಯ ಎಣಿಕೆ. ಸುಮ್ನೆ ಬಿಳಿ ಮೊಳಕೆ ಕಂಡರೆ ಸಾಲದು. ಬೇರು, ಕುಡಿ ಎರಡೂ ಸರಿಯಾಗಿರಬೇಕು. ಬೇರು ತಿರುಚಿಕೊಂಡದ್ದು, ಎಲೆ ಹರಿದದ್ದು, ಕೊಳೆತದ್ದು ಎಲ್ಲವನ್ನೂ ಬೇರೆ ಬೇರೆ ಬರೆದುಕೊಳ್ಳುತ್ತೇವೆ. ಈ 7 ದಿನವನ್ನು 5ಕ್ಕೆ ಇಳಿಸಿ ಎಂದು ಯಾರು ಒತ್ತಾಯ ಮಾಡಿದರೂ ಆಗುವುದಿಲ್ಲ.

ಇದರ ಹಿಂದೆ ಇನ್ನೊಂದು ದೊಡ್ಡ ಕ್ಯಾಲೆಂಡರ್ ಇದೆ. ತಳಿ ಮಾಡಿದವರ ಕೈಯಲ್ಲಿರುವ ಸ್ವಲ್ಪ ತಳಿವರ್ಧಕ ಬೀಜದಿಂದ ಮೂಲ ಬೀಜ, ಮೂಲ ಬೀಜದಿಂದ ರೈತನಿಗೆ ಮಾರುವ ಪ್ರಮಾಣಿತ ಬೀಜ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ಬೆಳೆಗಾಲ ಬೇಕು. ಅಂದರೆ ಮುಂದಿನ ವರ್ಷ ರೈತನಿಗೆ ಏನು ಬೇಕಾಗುತ್ತದೆ ಅನ್ನೋದನ್ನು ಇವತ್ತೇ, ಕೆಲವೊಮ್ಮೆ ನಿನ್ನೆಯೇ, ಯಾರಾದರೂ ಊಹಿಸಿರಬೇಕು. ಇಥಿಯೋಪಿಯಾದಲ್ಲಿ ಬಹಳ ಕಾಲ ಈ ಊಹೆ ಸರ್ಕಾರಿ ಕಚೇರಿಗಳ ಕೆಲಸವಾಗಿತ್ತು. ಹಳ್ಳಿಯಿಂದ ಬೇಡಿಕೆ ಪಟ್ಟಿ ಮೇಲಕ್ಕೆ ಹೋಗಿ, ಹಂಚಿಕೆ ಪಟ್ಟಿ ಕೆಳಕ್ಕೆ ಬರುತ್ತಿತ್ತು. ಒಂದು ಕಡೆ ಗೋದಾಮಿನಲ್ಲಿ ಬೀಜ ಉಳಿಯುತ್ತಿತ್ತು, ಇನ್ನೊಂದು ಕಡೆ ಸಿಗುತ್ತಲೇ ಇರಲಿಲ್ಲ. 2011ರಿಂದ ಉತ್ಪಾದಕರೇ ನೇರವಾಗಿ ಮಾರುವ ಪದ್ಧತಿಯನ್ನು ಅಲ್ಲಿ ಪ್ರಯೋಗಿಸಿ, ಆಮೇಲೆ ವಿಸ್ತರಿಸಿದರು.

ಲ್ಯಾಬಿನಲ್ಲಿ ಪಾಸಾದ ಬೀಜ ರೈತನ ಹೊಲದಲ್ಲೂ ಪಾಸಾಗಬೇಕು ಅಂತೇನಿಲ್ಲ. ಬೀಜ ಉಸಿರಾಡುವ ವಸ್ತು. ತೇವಾಂಶ ಶೇ. 1ರಷ್ಟು ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಗೋದಾಮಿನ ಬಿಸಿ 5 ಡಿಗ್ರಿ ಏರಿದರೂ ಅಷ್ಟೇ. ನಮ್ಮ ವೃತ್ತಿಯಲ್ಲಿ ಇದು ಹಳೆಯ ಲೆಕ್ಕ. ಈಗ ತಗಡಿನ ಸೂರಿನ ಪುಟ್ಟ ಅಂಗಡಿ, ಗೋಡೆಗೆ ಒರಗಿಸಿದ ಬಿಚ್ಚಿದ ಮೂಟೆ, ಎರಡು ತಿಂಗಳ ಧಗೆ ನೆನೆಸಿಕೊಳ್ಳಿ. ಸಣ್ಣ ರೈತನಿಗೆ ಇಡೀ ಚೀಲ ಬೇಡ, ಕಾಲು ಎಕರೆಗೆ ಎರಡೂವರೆ ಕಿಲೋ ಸಾಕು. ಅಂಗಡಿಯವನು ಬಿಡಿಯಾಗಿ ತೂಗಿ ಕೊಡುತ್ತಾನೆ. ಚೀಲ ಬಿಚ್ಚಿದ ಕ್ಷಣಕ್ಕೆ ಟ್ಯಾಗ್, ಲಾಟ್ ನಂಬರ್, ತೇವದಿಂದ ರಕ್ಷಣೆ ಎಲ್ಲವೂ ಹೋಯಿತು.

ಉಗಾಂಡದ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೊಡ್ಡ ಸುದ್ದಿಯಾಯಿತು. ಸ್ಥಳೀಯ ಮಾರುಕಟ್ಟೆಯಲ್ಲಿ ಹೈಬ್ರಿಡ್ ಎಂದು ಮಾರುವ ಮೆಕ್ಕೆಜೋಳದ ಬೀಜ, ಅದರಲ್ಲಿ ಅಸಲಿ ಹೈಬ್ರಿಡ್ ಅರ್ಧಕ್ಕಿಂತ ಕಡಿಮೆ ಇದ್ದರೆ ಎಷ್ಟು ಇಳುವರಿ ಬರುತ್ತದೋ ಅಷ್ಟೇ ಕೊಡುತ್ತದೆ ಎಂದು ಅದು ಅಂದಾಜು ಮಾಡಿತು. ಎಲ್ಲರೂ ನಕಲಿ ಬೀಜ ಎಂದು ಕೂಗಿದರು. ಸಾದಾ ಕಾಳಿಗೆ ಬಣ್ಣ ಹಚ್ಚಿ ಮಾರುವ ಕಳ್ಳರು ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 2020ರ ಇನ್ನೊಂದು ಅಧ್ಯಯನ ಸರಪಳಿಯ ಹಂತ ಹಂತದಲ್ಲೂ ಬೀಜ ಕೊಂಡು ಡಿಎನ್‌ಎ ನೋಡಿತು. ತಳಿ ಬಹುಪಾಲು ಸರಿಯಾಗಿಯೇ ಇತ್ತು. ಕೆಟ್ಟಿದ್ದು ಸಾಗಣೆ, ದಾಸ್ತಾನಿನ ಕಾರಣಕ್ಕೆ ಎಂಬ ಕಡೆಗೇ ಅದು ಬೆರಳು ತೋರಿತು. ನನಗೂ ಇದೇ ಹೆಚ್ಚು ಸರಿ ಅನ್ನಿಸುತ್ತದೆ. ಕಳ್ಳನನ್ನು ಹಿಡಿಯಲು ಪೊಲೀಸರಿದ್ದಾರೆ. ಬಿಸಿಲಿಗೆ ಸತ್ತ ಬೀಜಕ್ಕೆ ಯಾರ ಮೇಲೆ ಕೇಸು ಹಾಕುತ್ತೀರಿ?

ಹೊಲದಲ್ಲಿ ಇದರ ಪರಿಣಾಮ ಸರಳ ಲೆಕ್ಕ. ಸಾಲಿನಿಂದ ಸಾಲಿಗೆ 75, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟರೆ ಹೆಕ್ಟೇರಿಗೆ ಸುಮಾರು 44,000 ಗಿಡ ಬರಬೇಕು. ನೂರರಲ್ಲಿ 60 ಮಾತ್ರ ಮೊಳೆತರೆ ಉಳಿಯುವುದು 26,000 ಚಿಲ್ಲರೆ. ಮೆಕ್ಕೆಜೋಳ ರಾಗಿಯಂತೆ ತೆಂಡೆ ಒಡೆದು ಖಾಲಿ ಜಾಗ ತುಂಬಿಕೊಳ್ಳುವುದಿಲ್ಲ. ಹಾಕಿದ ಗೊಬ್ಬರ ಕಳೆಗೆ ಹೋಗುತ್ತದೆ. ಮತ್ತೆ ಬಿತ್ತೋಣ ಅಂದರೆ ಹದ ಕಳೆದಿರುತ್ತದೆ. ಒಮ್ಮೆ ಹೀಗಾದವನು ಮುಂದಿನ ಸಲ ಮನೆಯ ಕಾಳನ್ನೇ ಬಿತ್ತುತ್ತಾನೆ. ಅದು ಹಿಂದೆ ಕೊಂಡ ಹೈಬ್ರಿಡ್‌ನ ಮರುಕಾಳಾದರೆ ಒಂದು ಗಿಡ ಎತ್ತರ, ಒಂದು ಗಿಡ ಕುಳ್ಳ, ತೆನೆಯೂ ಸಣ್ಣದು. ಆದರೂ ಹುಟ್ಟುತ್ತದೆ ಅನ್ನೋ ಖಾತ್ರಿ ಇದೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಕೀನ್ಯಾದಲ್ಲಿ ಈಗ ಪ್ಯಾಕೆಟ್ ಮೇಲೆ ಕೆರೆದು ನೋಡುವ ಸ್ಟಿಕರ್ ಇದೆ. ಅದರ ಕೋಡನ್ನು 1393ಕ್ಕೆ ಎಸ್‌ಎಂಎಸ್ ಮಾಡಿದರೆ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ. ಒಳ್ಳೆಯದೇ. ಆದರೆ ಬೀಜ ಬದುಕಿದೆಯಾ ಎಂಬುದಕ್ಕೆ ಆ ಎಸ್‌ಎಂಎಸ್ ಉತ್ತರ ಕೊಡುವುದಿಲ್ಲ.

ಮಲಾವಿಯ ಕಥೆಯಲ್ಲಿ ಅಡುಗೆಮನೆಯೂ ಬರುತ್ತದೆ. ಅಲ್ಲಿನ ಮುಖ್ಯ ಊಟ ನ್ಸಿಮಾ, ನಮ್ಮ ಮುದ್ದೆಯ ಹಾಗೆ ಮೆಕ್ಕೆಜೋಳದ ಹಿಟ್ಟಿನದು. ಹೆಂಗಸರು ಒರಳಲ್ಲಿ ಕುಟ್ಟಿ, ತೌಡು ಬೇರ್ಪಡಿಸಿ ಬಿಳಿ ಹಿಟ್ಟು ಮಾಡುತ್ತಾರೆ. ಊರ ತಳಿಯ ಕಾಳು ಗಟ್ಟಿ. ಕುಟ್ಟಿದರೆ ತೌಡು ಬೇರೆಯಾಗಿ ಹಿಟ್ಟು ಉಳಿಯುತ್ತದೆ, ಮೂತಿಹುಳವೂ ಬೇಗ ಹತ್ತುವುದಿಲ್ಲ. ಮೊದಲು ಬಂದ ಹೈಬ್ರಿಡ್‌ಗಳ ಕಾಳು ಮೆತ್ತಗೆ, ಹೊಲದಲ್ಲಿ ಮೂಟೆ ಜಾಸ್ತಿ, ಮನೆಯಲ್ಲಿ ಹಿಟ್ಟು ಕಡಿಮೆ. ದಶಕಗಳ ಕಾಲ ಅವು ಹರಡಲಿಲ್ಲ. 1990ರಲ್ಲಿ ಎಂಎಚ್-17, ಎಂಎಚ್-18 ಎಂಬ ಅರೆಗಟ್ಟಿ ಕಾಳಿನ ಹೈಬ್ರಿಡ್‌ಗಳು ಬಂದ ಮೇಲೆ ಚಿತ್ರ ಬದಲಾಯಿತು. ಅಲ್ಲಿಯವರೆಗೆ ರೈತರನ್ನು ಹಿಂದುಳಿದವರು ಅಂದವರು ಒರಳ ಹತ್ತಿರ ಹೋಗಿಯೇ ಇರಲಿಲ್ಲ ಅಂತ ಕಾಣುತ್ತದೆ. 2005ರ ಬರದ ನಂತರ ಸರ್ಕಾರ ಗೊಬ್ಬರ ಮತ್ತು ಬೀಜಕ್ಕೆ ಸಬ್ಸಿಡಿ ಕೂಪನ್ ಕೊಟ್ಟಿತು, ಫಸಲು ಏರಿತು. ಅದರಲ್ಲಿ ಮಳೆಯ ಪಾಲೆಷ್ಟು, ಕೂಪನ್ನಿನ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ.

ಇಷ್ಟೂ ಮೆಕ್ಕೆಜೋಳದ ಮಾತು. ಹುರುಳಿಕಾಯಿ ಜಾತಿಯ ಬೀನ್ಸ್, ಶೇಂಗಾ, ರಾಗಿ ಇವುಗಳಲ್ಲಿ ಒಮ್ಮೆ ಕೊಂಡ ಬೀಜವನ್ನು ನಾಲ್ಕಾರು ವರ್ಷ ಉಳಿಸಿಕೊಳ್ಳಬಹುದು. ಹಾಗಾಗಿ ಕಂಪನಿಗಳಿಗೆ ಆಸಕ್ತಿ ಇಲ್ಲ. (ರಾಗಿ ನಮಗೆ ಬಂದಿದ್ದೇ ಪೂರ್ವ ಆಫ್ರಿಕಾದಿಂದ. ನಮ್ಮ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಅಲ್ಲಿನ ಮತ್ತು ಇಲ್ಲಿನ ತಳಿ ಸೇರಿಸಿಯೇ ಇಂಡಾಫ್ ರಾಗಿ ಮಾಡಿದ್ದು.) 2016ರಲ್ಲಿ ಪ್ರಕಟವಾದ, ಆಫ್ರಿಕಾದ ಐದು ದೇಶ ಮತ್ತು ಹೈಟಿಯ ಸಮೀಕ್ಷೆಯಲ್ಲಿ ಸಣ್ಣ ರೈತರ ಬೀಜದಲ್ಲಿ ಶೇ. 90 ಅನೌಪಚಾರಿಕ ದಾರಿಯಿಂದ, ಅರ್ಧದಷ್ಟು ಸಂತೆಯಿಂದಲೇ ಬರುತ್ತಿತ್ತು. ಇವರಿಗೆಲ್ಲ ನೀಲಿ ಟ್ಯಾಗಿನ ಪ್ರಮಾಣಿತ ಬೀಜವನ್ನೇ ತಲುಪಿಸುತ್ತೇವೆ ಎಂದು ಕೂತರೆ ಆಗದ ಕೆಲಸ. ಅದಕ್ಕೇ ತಾಂಜಾನಿಯಾ, ಉಗಾಂಡಗಳಲ್ಲಿ ತರಬೇತಿ ಪಡೆದ ರೈತ ಗುಂಪುಗಳು ಬೀಜ ಬೆಳೆದು, ಹಗುರ ತಪಾಸಣೆಯೊಂದಿಗೆ ತಮ್ಮ ಸುತ್ತಮುತ್ತಲೇ ಮಾರಲು ಅವಕಾಶ ಇದೆ. ಉಗಾಂಡದಲ್ಲಿ ಅದಕ್ಕೆ ಹಸಿರು ಲೇಬಲ್. ನನ್ನ ಕೇಳಿದರೆ ಬೀನ್ಸ್‌ಗೆ ಇದೇ ಸರಿಯಾದ ದಾರಿ.

ರೋಗ ಬಂದಾಗ ಮಾತ್ರ ಕಟ್ಟುನಿಟ್ಟಿನ ತಪಾಸಣೆಯ ಬೆಲೆ ಗೊತ್ತಾಗುತ್ತದೆ. 2011ರಲ್ಲಿ ಕೀನ್ಯಾದ ಬೊಮೆಟ್‌ನಲ್ಲಿ ಕಾಣಿಸಿಕೊಂಡ ಮೆಕ್ಕೆಜೋಳದ ಮಾರಕ ನಂಜುರೋಗ ಅಕ್ಕಪಕ್ಕದ ದೇಶಗಳಿಗೂ ಹಬ್ಬಿತು. ಅದರ ವೈರಸ್ ಬೀಜದಲ್ಲೂ ಸಾಗಬಲ್ಲದು. ಬೀಜದ ಪ್ಲಾಟಿನಲ್ಲಿ ಇನ್‌ಸ್ಪೆಕ್ಟರ್ ಸಾಲು ಸಾಲು ನಡೆಯಲೇಬೇಕು, ಇದಕ್ಕೆ ಅಡ್ಡದಾರಿ ಇಲ್ಲ.

ಆದರೆ ಅದೇ ಕೀನ್ಯಾದ ಕಾನೂನು ಪ್ರಮಾಣೀಕರಿಸದ ಬೀಜವನ್ನು ರೈತರು ತಮ್ಮತಮ್ಮಲ್ಲಿ ಮಾರಿದರೂ, ಹಂಚಿಕೊಂಡರೂ ಅಪರಾಧ ಎಂದಿತ್ತು. 2 ವರ್ಷದವರೆಗೆ ಜೈಲು, 10 ಲಕ್ಷ ಶಿಲ್ಲಿಂಗ್‌ವರೆಗೆ ದಂಡ. ರೈತರು ಕೋರ್ಟಿಗೆ ಹೋದರು. 2025ರ ನವೆಂಬರ್‌ನಲ್ಲಿ ಹೈಕೋರ್ಟ್ ಆ ಕಲಂಗಳನ್ನು ಸಂವಿಧಾನಕ್ಕೆ ವಿರುದ್ಧ ಎಂದು ತಳ್ಳಿಹಾಕಿತು. ಅಂಗಡಿಗೆ ಸಮಯಕ್ಕೆ ಬೀಜ ತಲುಪಿಸಲಾಗದೆ, ಪಕ್ಕದ ಮನೆಯಿಂದ ಒಂದು ಮೊರ ಬೀನ್ಸ್ ತಂದವಳನ್ನು ಜೈಲಿಗೆ ಹಾಕುವುದು ಯಾವ ನ್ಯಾಯ?